ಲಿನಕ್ಸ್ ಬೂಟ್ ಆಗದಿದ್ದಾಗ: ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಎನ್‌ವಿಎಂಇ ಎಲ್ಲ ಸೇರಿದ ಕಂಪ್ಯೂಟರ್ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ರೈಸ್ ಮಿಲ್ಲಿನ ಲಾರಿ ಕಾಟಾಕ್ಕೆ ಜೋಡಿಸಿದ ಕಂಪ್ಯೂಟರ್, ಸಿಂಧನೂರಿನ ಝೆರಾಕ್ಸ್ ಅಂಗಡಿಯದು, ಕೊಪ್ಪಳದ ಡಿಟಿಪಿ ಸೆಂಟರಿನದು, ಸಿರುಗುಪ್ಪದ ಕಾಲೇಜು ಹುಡುಗರ ಲ್ಯಾಪ್‌ಟಾಪ್ ಎಲ್ಲ ಬರುತ್ತವೆ. ಬಹಳಷ್ಟು ಯಂತ್ರಗಳದ್ದು ಒಂದೇ ಕಥೆ. ಕೊಂಡಾಗ 1 ಟಿಬಿ ಹಾರ್ಡ್ ಡಿಸ್ಕ್ ಇತ್ತು. ನಿಧಾನ ಆಯಿತೆಂದು 240 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಬರೆಯುವ ಡಿಸ್ಕ್; ಸಾಟಾ ಎಂದರೆ ಅದನ್ನು ಜೋಡಿಸುವ ಬಗೆ) ಹಾಕಿಸಿದರು. ಆಮೇಲೆ ಯಾರೋ ಹೇಳಿದರೆಂದು ಒಂದು ಎನ್‌ವಿಎಂಇ, ಅಂದರೆ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ, ಸೇರಿಸಿದರು. ಬ್ಯಾಕಪ್‌ಗೆಂದು ತಂದ ಯುಎಸ್‌ಬಿ ಡಿಸ್ಕ್ ಸದಾ ಹಿಂದೆ ಚುಚ್ಚಿಕೊಂಡೇ ಇರುತ್ತದೆ. ಒಂದೇ ಡಿಸ್ಕ್ ಇದ್ದ ಕಾಲಕ್ಕೆ ಹುಡುಕುವ ಜಾಗವೂ ಒಂದೇ ಇತ್ತು, ಈಗ ನಾಲ್ಕಾಗಿದೆ.

ನಾನು ನೋಡಿದ ಮಟ್ಟಿಗೆ, ಇಂಥ ಯಂತ್ರಗಳಲ್ಲಿ ಡಿಸ್ಕ್ ನಿಜವಾಗಿ ಸತ್ತಿರುವುದು ಕಡಿಮೆ. ಯಾವ ಡಿಸ್ಕಿನಲ್ಲಿ ಏನಿದೆ ಎಂಬ ಲೆಕ್ಕ ತಪ್ಪಿರುತ್ತದೆ. ಆ ಲೆಕ್ಕವನ್ನು ಮತ್ತೆ ಕೂಡಿಸಿಕೊಟ್ಟರೆ ಕಂಪ್ಯೂಟರ್ ಏಳುತ್ತದೆ. ಅದಕ್ಕೆ ಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ. ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಅಣ್ಣಾ, ನಿನ್ನೆ ರಾತ್ರಿತನ ಚಲೋ ಇತ್ತು, ಮುಂಜಾನೆ ಬೂಟೇ ಆಗವಲ್ದು. ಮೊದಲು ಏನು ನೋಡಬೇಕು?

ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ನೋಡಿ. "ಬೂಟ್ ಆಗುತ್ತಿಲ್ಲ" ಎಂದಷ್ಟೇ ಫೋನಿನಲ್ಲಿ ಹೇಳಿದರೆ ನನಗೆ ಏನೂ ತಿಳಿಯುವುದಿಲ್ಲ. ಪರದೆಯ ಫೋಟೊ ತೆಗೆದು ಕಳಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಪವರ್ ಬಟನ್ ಒತ್ತಿದ ಕೂಡಲೇ ಮದರ್‌ಬೋರ್ಡಿನಲ್ಲೇ ಇರುವ ಮೊದಲ ಪ್ರೋಗ್ರಾಮ್, ಅಂದರೆ ಬಯಾಸ್ (ಹಳೆಯ ಬಗೆ) ಅಥವಾ ಯುಇಎಫ್‌ಐ (ಹೊಸ ಬಗೆ), ಎದ್ದು ಡಿಸ್ಕುಗಳನ್ನು ಎಣಿಸುತ್ತದೆ. ಅದು ಒಂದು ಡಿಸ್ಕ್ ಆರಿಸಿಕೊಂಡು ಅದರಲ್ಲಿರುವ ಗ್ರಬ್ ಎಂಬ ಬೂಟ್ ಪ್ರೋಗ್ರಾಮಿಗೆ ಕೆಲಸ ಒಪ್ಪಿಸುತ್ತದೆ. ಗ್ರಬ್ ಹೋಗಿ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಆರಂಭಕ್ಕೆ ಬೇಕಾದ ಡ್ರೈವರುಗಳ ಗಂಟು) ಎಂಬ ಎರಡು ಫೈಲುಗಳನ್ನು ಮೆಮೊರಿಗೆ ತರುತ್ತದೆ. ಅವು ಎದ್ದು ರೂಟ್ ಪಾರ್ಟಿಷನ್, ಅಂದರೆ ಲಿನಕ್ಸ್ ಇರುವ ಡಿಸ್ಕಿನ ಭಾಗವನ್ನು, ಹುಡುಕುತ್ತವೆ. ಅದು ಸಿಕ್ಕ ಮೇಲೆ ಉಳಿದ ಪ್ರೋಗ್ರಾಮುಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿ ಬಂದು, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಬರೆದಿರುವ ಉಳಿದ ಡಿಸ್ಕುಗಳನ್ನೆಲ್ಲ ಜೋಡಿಸಿ, ಲಾಗಿನ್ ಪರದೆ ತೋರಿಸುತ್ತದೆ.

"ನೋ ಬೂಟಬಲ್ ಡಿವೈಸ್" ಎಂದು ಬಂದರೆ ಬಯಾಸ್‌ನಿಂದ ಮುಂದೆ ಹೋಗಿಯೇ ಇಲ್ಲ. "ಗ್ರಬ್ ರೆಸ್ಕ್ಯೂ" ಎಂದರೆ ಗ್ರಬ್ ಸಿಕ್ಕಿದೆ, ಆದರೆ ಅದಕ್ಕೆ ಬೇಕಾದ ಫೈಲು ಸಿಕ್ಕಿಲ್ಲ. ಕಪ್ಪು ಪರದೆಯಲ್ಲಿ ಬ್ರಾಕೆಟ್ ಒಳಗೆ "ಇನಿಟ್‌ರಾಮ್‌ಎಫ್‌ಎಸ್" ಎಂದು ನಿಂತರೆ ಕರ್ನಲ್ ಎದ್ದಿದೆ, ರೂಟ್ ಸಿಕ್ಕಿಲ್ಲ. "ಎಮರ್ಜೆನ್ಸಿ ಮೋಡ್" ಎಂದರೆ ರೂಟ್ ಸಿಕ್ಕಿದೆ, ಬೇರೆ ಯಾವುದೋ ಡಿಸ್ಕ್ ಸಿಕ್ಕಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಮದ್ದು. ಕೆಳಗೆ ನಿಮ್ಮದು ಯಾವುದೋ ಅದಕ್ಕೆ ನೇರ ಹೋಗಿ.

ಇಷ್ಟೆಲ್ಲ ಯಾಕೆ? ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದರೆ ಆಗುವುದಿಲ್ಲವೇ?

ದಯವಿಟ್ಟು ಬೇಡ. ಒಂದು ಮಿಲ್ಲಿನವರು ಹೀಗೆ ಅವಸರದಲ್ಲಿ ಬೇರೆಯವರಿಂದ ಹೊಸ ಇನ್‌ಸ್ಟಾಲ್ ಮಾಡಿಸಿಕೊಂಡು, ಆಮೇಲೆ ನನ್ನ ಹತ್ತಿರ ಬಂದರು. ಹೋದದ್ದು ಎಸ್‌ಎಸ್‌ಡಿಯಲ್ಲಿದ್ದ ಗ್ರಬ್ ಮಾತ್ರ. ಇನ್‌ಸ್ಟಾಲ್ ಮಾಡಿದವರು ಅಳಿಸಿದ್ದು ಎರಡು ಸುಗ್ಗಿಯ ತೂಕದ ಚೀಟಿಗಳಿದ್ದ ಹಾರ್ಡ್ ಡಿಸ್ಕನ್ನು. ಸ್ವಲ್ಪ ಮರಳಿ ಸಿಕ್ಕಿತು, ಎಲ್ಲವೂ ಸಿಗಲಿಲ್ಲ. ಇನ್‌ಸ್ಟಾಲರ್ ಪರದೆಯಲ್ಲಿ ಮೂರು ಡಿಸ್ಕಿನ ಹೆಸರು ಸಾಲಾಗಿ ಕಂಡಾಗ ತಪ್ಪು ಸಾಲಿನ ಮೇಲೆ ಕ್ಲಿಕ್ ಬೀಳುವುದು ಬಹಳ ಸುಲಭ. ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಬೇಕಾದ ಫೈಲುಗಳನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದುಕೊಳ್ಳಿ. ರಿಪೇರಿ ಆಮೇಲೆ.

ನಿನ್ನೆ ಎಸ್‌ಡಿಎ ಆಗಿದ್ದ ಡಿಸ್ಕ್ ಇವತ್ತು ಎಸ್‌ಡಿಬಿ ಆಗಿದೆ. ಯಾರು ಬದಲಾಯಿಸಿದರು?

ಯಾರೂ ಬದಲಾಯಿಸಿಲ್ಲ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬುವು ಡಿಸ್ಕಿನ ಹೆಸರಲ್ಲ, ಬಂದ ಸರದಿ. ಕರ್ನಲ್‌ಗೆ ಯಾವುದು ಮೊದಲು ಸಿಕ್ಕಿತೋ ಅದಕ್ಕೆ "ಎ". ಸಾಟಾ ಹಾರ್ಡ್ ಡಿಸ್ಕ್, ಸಾಟಾ ಎಸ್‌ಎಸ್‌ಡಿ, ಯುಎಸ್‌ಬಿ ಡಿಸ್ಕ್, ಪೆನ್‌ಡ್ರೈವ್, ಕೆಲವು ಕಾರ್ಡ್ ರೀಡರುಗಳೂ ಸಹ ಇದೇ ಸಾಲಿನಲ್ಲಿ ನಿಲ್ಲುತ್ತವೆ. ಹಾರ್ಡ್ ಡಿಸ್ಕ್ ತಿರುಗಿ ವೇಗಕ್ಕೆ ಬರಲು ಕೆಲವು ಸೆಕೆಂಡು ಬೇಕು. ಎಸ್‌ಎಸ್‌ಡಿಗೆ ಆ ತಡ ಇಲ್ಲ. ಹಾಗಾಗಿ ಒಂದು ದಿನ ಒಂದು ಮುಂದೆ, ಇನ್ನೊಂದು ದಿನ ಇನ್ನೊಂದು ಮುಂದೆ.

ಬಸ್ ಸ್ಟ್ಯಾಂಡಿನಲ್ಲಿ "ಮೂರನೇ ಜಾಗದಲ್ಲಿ ನಿಂತಿರುವುದು ರಾಯಚೂರು ಬಸ್" ಎಂದು ನೆನಪಿಟ್ಟುಕೊಂಡು ಮರುದಿನ ಹತ್ತಿದರೆ ಕುಷ್ಟಗಿಗೆ ಹೋಗಿ ಇಳಿಯಬೇಕಾದೀತು. ಬೋರ್ಡ್ ಓದಿ ಹತ್ತಬೇಕು. ಡಿಸ್ಕಿನ ಬೋರ್ಡ್ ಎಂದರೆ ಯುಯುಐಡಿ. ಪಾರ್ಟಿಷನ್ ಫಾರ್ಮ್ಯಾಟ್ ಆದಾಗ ಅದಕ್ಕೆ ಬೀಳುವ ಗುರುತು ಅದು. ಯಾವ ಕೇಬಲಿಗೆ ಹಾಕಿದರೂ ಬದಲಾಗುವುದಿಲ್ಲ, ಮತ್ತೆ ಫಾರ್ಮ್ಯಾಟ್ ಮಾಡಿದರೆ ಅಥವಾ ನಾವೇ ಆಜ್ಞೆ ಕೊಟ್ಟು ಬದಲಿಸಿದರೆ ಮಾತ್ರ ಹೊಸದು ಬರುತ್ತದೆ.

"ಎಲ್‌ಎಸ್‌ಬಿಎಲ್‌ಕೆ -ಎಫ್" ಎಂದು ಟೈಪ್ ಮಾಡಿ ನೋಡಿ. ಇಎಕ್ಸ್‌ಟಿ4 (ಲಿನಕ್ಸಿನ ಸಾಮಾನ್ಯ ಫಾರ್ಮ್ಯಾಟ್) ಪಾರ್ಟಿಷನ್ ಮುಂದೆ 32 ಅಂಕಿ-ಅಕ್ಷರಗಳ ಉದ್ದ ಸಾಲು ಕಾಣುತ್ತದೆ, 8-4-4-4-12 ಎಂದು ಐದು ಗುಂಪಾಗಿ. ಎಫ್‌ಎಟಿ32 ಪಾರ್ಟಿಷನ್ನಿನದು ಎಂಟೇ, ನಾಲ್ಕು ನಾಲ್ಕಾಗಿ. ಕಣ್ಣಿಗೆ ಒಗ್ಗಿದ ಮೇಲೆ ಎಂಟರ ಸಾಲು ಕಂಡ ಕೂಡಲೇ "ಇದು ಇಎಫ್‌ಐ ಪಾರ್ಟಿಷನ್ ಇರಬೇಕು" ಎಂದು ಹೊಳೆಯುತ್ತದೆ. ಯುಇಎಫ್‌ಐ ಯಂತ್ರದಲ್ಲಿ ಗ್ರಬ್ ಕೂರುವ ಸಣ್ಣ ಭಾಗ ಅದು.

ಎನ್‌ವಿಎಂಇ ಈ ಸಾಲಿಗೆ ಸೇರುವುದಿಲ್ಲ. ಅದರ ಹೆಸರು ಎನ್‌ವಿಎಂಇ0ಎನ್1, ಮೊದಲ ಪಾರ್ಟಿಷನ್ ಎನ್‌ವಿಎಂಇ0ಎನ್1ಪಿ1. ಆ "ಪಿ" ಬಿಟ್ಟು ಟೈಪ್ ಮಾಡಿ ಒದ್ದಾಡಿದವರು ಬಹಳ. ಎರಡು ಎನ್‌ವಿಎಂಇ ಇದ್ದರೆ ಅವುಗಳ ನಡುವೆಯೂ 0 ಮತ್ತು 1 ಅದಲು ಬದಲಾಗಬಹುದು.

ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ "/ಡೆವ್/ಎಸ್‌ಡಿಬಿ1" ಎಂದು ಬರೆದಿದ್ದರೆ ಇವತ್ತೇ ಯುಯುಐಡಿಗೆ ಬದಲಿಸಿ.

ಬಯಾಸ್‌ನಲ್ಲೇ ಡಿಸ್ಕ್ ಕಾಣುವುದಿಲ್ಲ. ಸತ್ತಿದೆಯೇ?

ಅಷ್ಟು ಬೇಗ ಹಾಗೆನ್ನಬೇಡಿ. ಬಯಾಸ್‌ಗೇ ಕಾಣದ ಡಿಸ್ಕಿನ ಮೇಲೆ ಲಿನಕ್ಸ್ ರಿಪೇರಿ ನಡೆಯುವುದಿಲ್ಲ, ಹಾಗಾಗಿ ಇಲ್ಲಿ ಸ್ಕ್ರೂಡ್ರೈವರ್ ಹಿಡಿಯಲೇಬೇಕು.

ನಮ್ಮ ಕಡೆ ಮೊದಲ ಶತ್ರು ದೂಳು. ಮಿಲ್ಲಿನಿಂದ ಬಂದ ಡಬ್ಬಿ ಬಿಚ್ಚಿದರೆ ಒಳಗೆ ತೌಡು ಮೆತ್ತಿಕೊಂಡು ಸಾಟಾ ಕನೆಕ್ಟರಿನ ಎಲ್ ಆಕಾರದ ಬಾಯಿಯೊಳಗೂ ಹೊಕ್ಕಿರುತ್ತದೆ. ಕೇಬಲ್ ಎರಡೂ ತುದಿ ಬಿಚ್ಚಿ, ಬ್ರಷ್‌ನಿಂದ ಒರೆಸಿ, ಮತ್ತೆ ಬಿಗಿಯಾಗಿ ಕೂರಿಸಿ. ಕೇಬಲನ್ನು ಬೆರಳಿನಿಂದ ಉದ್ದಕ್ಕೂ ಸವರಿ ನೋಡಿ. ಇಲಿ ಕಡಿದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಇನ್ನೊಂದು ಕೇಬಲ್, ಇನ್ನೊಂದು ಪೋರ್ಟ್ ಹಾಕಿ ನೋಡಿ.

ಎರಡನೆಯದು ಸಿಮಾಸ್ ಬ್ಯಾಟರಿ. ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ಬಯಾಸ್ ಕಾರ್ಖಾನೆಯಿಂದ ಬಂದಾಗಿನ ಸೆಟ್ಟಿಂಗಿಗೆ ಮರಳುತ್ತದೆ. ಬೂಟ್ ಸರದಿ ಅಳಿಸಿಹೋಗುತ್ತದೆ, ಡಿಸ್ಕ್ ಜೊತೆ ಮಾತಾಡುವ ಬಗೆ ಎಎಚ್‌ಸಿಐ ಇದ್ದದ್ದು ಐಡಿಇ ಅಥವಾ ರೇಡ್ ಆಗಿರುತ್ತದೆ. ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಇದೇ ಕಾರಣ ಎಂದು ಖಾತ್ರಿ ಮಾಡಿಕೊಳ್ಳಬಹುದು. ಆಗ ಲಿನಕ್ಸ್ ಕೂಡ "ಕೊನೆಯ ಬಾರಿ ಮೌಂಟ್ ಆದ ಸಮಯ ಭವಿಷ್ಯದಲ್ಲಿದೆ" ಎಂಬರ್ಥದ ದೂರು ಹೇಳುತ್ತದೆ (ಮೌಂಟ್ ಎಂದರೆ ಪಾರ್ಟಿಷನ್ನನ್ನು ಬಳಕೆಗೆ ಜೋಡಿಸುವುದು). ಡಿಸ್ಕ್ ಕೆಟ್ಟಿದೆ ಎಂದು ಹೆದರುವುದು ಬೇಡ. ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿ.

ಮೂರನೆಯದು ಹಲವು ಬಗೆಯ ಡಿಸ್ಕ್ ಸೇರಿದಾಗ ಮಾತ್ರ ಬರುವ ತೊಡಕು. ಎಷ್ಟೋ ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಕಡ್ಡಿಯಂತಹ ಎಸ್‌ಎಸ್‌ಡಿ ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತದೆ. ಹೊಸ ಎನ್‌ವಿಎಂಇ ಹಾಕಿದ ದಿನವೇ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾದರೆ ಮದರ್‌ಬೋರ್ಡಿನ ಪುಸ್ತಕ ತೆಗೆದು ಆ ಪಟ್ಟಿ ಓದಿ, ಹಾರ್ಡ್ ಡಿಸ್ಕನ್ನು ಬೇರೆ ಪೋರ್ಟಿಗೆ ಹಾಕಿ.

ಹಾಗೆಯೇ ಎಂ.2 ಎನ್ನುವುದು ಕಡ್ಡಿಯ ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಕೂರಬಹುದು, ಕಾಣುವುದಿಲ್ಲ. ಕೊಳ್ಳುವ ಮೊದಲು ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು ನೋಡಿ.

ನನ್ನದು ಹಳೆಯ ಮದರ್‌ಬೋರ್ಡ್. ಪಿಸಿಐಇ ಅಡಾಪ್ಟರಿನಲ್ಲಿ (ಮದರ್‌ಬೋರ್ಡಿನ ಕಾರ್ಡ್ ಸ್ಲಾಟಿಗೆ ಕೂರುವ ಪಟ್ಟಿ) ಎನ್‌ವಿಎಂಇ ಹಾಕಿದ್ದೇನೆ. ಲಿನಕ್ಸ್ ಇನ್‌ಸ್ಟಾಲ್ ಆಯಿತು, ಬೂಟ್ ಮಾತ್ರ ಆಗುವುದಿಲ್ಲ.

ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಇದಕ್ಕೆ ಪೂರ್ತಿ ಪರಿಹಾರ ಇದೆ, ಖರ್ಚೂ ಇಲ್ಲ. ಹಳೆಯ ಬಯಾಸ್‌ಗಳಿಗೆ ಎನ್‌ವಿಎಂಇ ಎಂದರೆ ಏನೆಂದೇ ಗೊತ್ತಿಲ್ಲ. ಲಿನಕ್ಸ್ ಕರ್ನಲ್‌ಗೆ 2012ರಲ್ಲಿ ಬಂದ 3.3ನೇ ಆವೃತ್ತಿಯಿಂದಲೇ ಗೊತ್ತು. ಹೀಗಾಗಿ ಪೆನ್‌ಡ್ರೈವಿನಿಂದ ಎದ್ದ ಇನ್‌ಸ್ಟಾಲರ್‌ಗೆ ಎನ್‌ವಿಎಂಇ ಚೆನ್ನಾಗಿ ಕಂಡಿತು, ಎಲ್ಲವನ್ನೂ ಅದರಲ್ಲಿ ತುಂಬಿತು. ಮರುಬೂಟ್ ಮಾಡಿದಾಗ ಮೊದಲು ಏಳುವುದು ಬಯಾಸ್. ಅದಕ್ಕೆ ಆ ಡಿಸ್ಕ್ ಕಾಣದು. ಗ್ರಬ್ ಕೂಡ ಡಿಸ್ಕ್ ಓದಲು ಬಯಾಸ್ ಅಥವಾ ಯುಇಎಫ್‌ಐಯನ್ನೇ ನೆಚ್ಚಿಕೊಂಡಿರುವುದರಿಂದ ಅದಕ್ಕೂ ಕಾಣದು.

ಉಪಾಯ ಇಷ್ಟೇ: ಬಯಾಸ್‌ಗೆ ಕಾಣಬೇಕಾದ ಭಾಗವನ್ನು ಅದಕ್ಕೆ ಕಾಣುವ ಡಿಸ್ಕಿನಲ್ಲಿಡಿ. ಗ್ರಬ್ ಮತ್ತು /ಬೂಟ್ ಪಾರ್ಟಿಷನ್ ಹಳೆಯ ಸಾಟಾ ಡಿಸ್ಕಿನಲ್ಲಿ; 1 ಜಿಬಿ ಸಾಕು. ಯುಇಎಫ್‌ಐ ಇದ್ದರೆ ಇಎಫ್‌ಐ ಪಾರ್ಟಿಷನ್ನೂ ಅಲ್ಲೇ. ರೂಟ್ ಪೂರ್ತಿ ಎನ್‌ವಿಎಂಇಯಲ್ಲಿ. ಬಯಾಸ್ ಸಾಟಾದಿಂದ ಗ್ರಬ್ ಎತ್ತುತ್ತದೆ, ಗ್ರಬ್ ಅಲ್ಲಿಂದಲೇ ಕರ್ನಲ್ ಎತ್ತುತ್ತದೆ, ಕರ್ನಲ್ ಎದ್ದು ತನ್ನದೇ ಡ್ರೈವರ್‌ನಿಂದ ಎನ್‌ವಿಎಂಇ ಹಿಡಿಯುತ್ತದೆ. ಅಲ್ಲಿಂದ ಮುಂದೆ ಪೂರ್ತಿ ವೇಗ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್‌ಗಳನ್ನು ಕೈಯಾರೆ ಆರಿಸುವ ಆಯ್ಕೆ ತೆಗೆದುಕೊಂಡರೆ ಹತ್ತು ನಿಮಿಷದ ಕೆಲಸ. ಸಾಟಾ ಡಿಸ್ಕ್ ಇಲ್ಲದಿದ್ದರೆ ಒಂದು ಸಣ್ಣ ಪೆನ್‌ಡ್ರೈವಿನಲ್ಲೂ ಮಾಡಬಹುದು. ಆದರೆ ಅದನ್ನು ಯಾರೋ ಹಾಡು ತುಂಬಿಸಿಕೊಳ್ಳಲು ಎಳೆದುಕೊಂಡು ಹೋಗದ ಹಾಗೆ ಡಬ್ಬಿಯ ಒಳಗಿನ ಯುಎಸ್‌ಬಿ ಹೆಡರಿಗೆ ಹಾಕಿಸಿ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲರ್‌ಗೆ ಪೆನ್‌ಡ್ರೈವ್ ಬಿಟ್ಟು ಯಾವ ಡಿಸ್ಕೂ ಕಾಣುವುದಿಲ್ಲ?

ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ "ರೇಡ್" ಅಥವಾ "ಆರ್‌ಎಸ್‌ಟಿ" ಎಂದಿರುತ್ತದೆ, ಎಎಚ್‌ಸಿಐ ಮಾಡಿ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಕೆಲವು ಯಂತ್ರಗಳಲ್ಲಿ ಅದಕ್ಕೆ "ವಿಎಂಡಿ" ಎಂಬ ಹೆಸರಿದೆ, ಬಂದ್ ಮಾಡಿ. ವಿಂಡೋಸ್ ಕೂಡ ಇದ್ದರೆ ಜೋಪಾನ: ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೋಗುವಂತೆ ಹೊಂದಿಸಿ, ಆಮೇಲೆ ಮೋಡ್ ಬದಲಿಸಿ. ಇಲ್ಲದಿದ್ದರೆ ವಿಂಡೋಸ್ ಏಳುವುದಿಲ್ಲ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹಳೆಯ ಹಾರ್ಡ್ ಡಿಸ್ಕ್ ಖಾಲಿ ಇದೆ ಎಂದು ತೆಗೆದೆ. ಲಿನಕ್ಸ್ ಇರುವುದು ಎಸ್‌ಎಸ್‌ಡಿಯಲ್ಲಿ. ಆದರೂ ಈಗ ಬೂಟ್ ಆಗುವುದಿಲ್ಲ!

ನನ್ನ ಅಂಗಡಿಗೆ ಅತಿ ಹೆಚ್ಚು ಬರುವ ದೂರು ಇದು. ಲಿನಕ್ಸ್ ಎಸ್‌ಎಸ್‌ಡಿಯಲ್ಲೇ ಇದೆ, ನಿಮ್ಮ ಮಾತು ಸರಿ. ಆದರೆ ಅದಕ್ಕೆ ಹೋಗುವ ಬಾಗಿಲು ಹಾರ್ಡ್ ಡಿಸ್ಕಿನಲ್ಲಿತ್ತು. ಇನ್‌ಸ್ಟಾಲ್ ಮಾಡಿದ ದಿನ ಎರಡೂ ಡಿಸ್ಕ್ ಜೋಡಿಸಿದ್ದವು, ಹಾರ್ಡ್ ಡಿಸ್ಕಿನಲ್ಲಿ ವಿಂಡೋಸಿನ ಇಎಫ್‌ಐ ಪಾರ್ಟಿಷನ್ ಮೊದಲೇ ಇತ್ತು. ಇನ್‌ಸ್ಟಾಲರ್ ಹೊಸದನ್ನು ಮಾಡುವ ಬದಲು ಅದರಲ್ಲೇ ಗ್ರಬ್ ಇಟ್ಟಿತು. ಹಳೆಯ ಬಯಾಸ್ ಯಂತ್ರವಾದರೆ, ಗ್ರಬ್ ಮೊದಲ ಡಿಸ್ಕಿನ 512 ಬೈಟಿನ ಮೊದಲ ಸೆಕ್ಟರಿಗೆ ಹೋಗಿ ಕೂತಿರುತ್ತದೆ.

ತೆಗೆಯುವ ಮೊದಲೇ ತಿಳಿಯಬೇಕೆಂದರೆ "ಎಲ್‌ಎಸ್‌ಬಿಎಲ್‌ಕೆ" ಕೊಟ್ಟು "/ಬೂಟ್/ಇಎಫ್‌ಐ" ಯಾವ ಡಿಸ್ಕಿನ ಕೆಳಗೆ ಕಾಣುತ್ತದೆ ನೋಡಿ. ಎಸ್‌ಎಸ್‌ಡಿಯ ಕೆಳಗೆ ಇರದಿದ್ದರೆ ಡಿಸ್ಕ್ ಮುಟ್ಟಬೇಡಿ.

ಈಗಾಗಲೇ ತೆಗೆದಿದ್ದರೆ ಹಾರ್ಡ್ ಡಿಸ್ಕನ್ನು ವಾಪಸ್ ಹಾಕಿ ಬೂಟ್ ಮಾಡಿ. ಎಸ್‌ಎಸ್‌ಡಿಯಲ್ಲಿ ಸುಮಾರು 500 ಎಂಬಿ ಜಾಗ ಬಿಡಿಸಿ, ಎಫ್‌ಎಟಿ32 ಮಾಡಿ, ಇಎಫ್‌ಐ ಪಾರ್ಟಿಷನ್ ಎಂದು ಗುರುತು ಹಾಕಿ. ಎಸ್‌ಎಸ್‌ಡಿಯ ಪಾರ್ಟಿಷನ್ ಪಟ್ಟಿ ಹೊಸ ಬಗೆಯ ಜಿಪಿಟಿ ಆಗಿರಲಿ. ರೂಟ್ ಪಾರ್ಟಿಷನ್ ಕಿರಿದಾಗಿಸುವ ಕೆಲಸವನ್ನು ಮಾತ್ರ ಲೈವ್ ಪೆನ್‌ಡ್ರೈವಿನಿಂದಲೇ ಮಾಡಿ. ಆಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿ /ಬೂಟ್/ಇಎಫ್‌ಐ ಸಾಲಿನ ಯುಯುಐಡಿಯನ್ನು ಹೊಸದಕ್ಕೆ ಬದಲಿಸಿ, ಹಳೆಯದನ್ನು ಅನ್‌ಮೌಂಟ್ ಮಾಡಿ, ಹೊಸದನ್ನು ಮೌಂಟ್ ಮಾಡಿ, "ಗ್ರಬ್-ಇನ್‌ಸ್ಟಾಲ್", ನಂತರ "ಅಪ್‌ಡೇಟ್-ಗ್ರಬ್" ಕೊಡಿ. ಕಂಪ್ಯೂಟರ್ ಬಂದ್ ಮಾಡಿ, ಹಾರ್ಡ್ ಡಿಸ್ಕ್ ಕೇಬಲ್ ಬಿಚ್ಚಿ, ಚಾಲೂ ಮಾಡಿ. ಅದಿಲ್ಲದೆ ಎದ್ದರೆ ಕೆಲಸ ಆಯಿತು.

"ಗ್ರಬ್ ರೆಸ್ಕ್ಯೂ" ಎಂದು ಬಂದು ನಿಂತಿದೆ. ಪೆನ್‌ಡ್ರೈವೂ ಇಲ್ಲ.

ಕೀಬೋರ್ಡ್ ಸಾಕು. "ಎಲ್‌ಎಸ್" ಎಂದು ಟೈಪ್ ಮಾಡಿ. (ಎಚ್‌ಡಿ0), (ಎಚ್‌ಡಿ0,ಜಿಪಿಟಿ2), (ಎಚ್‌ಡಿ1,ಎಂಎಸ್‌ಡಾಸ್1) ಎಂದು ಸಾಲು ಬರುತ್ತದೆ. ಡಿಸ್ಕಿನ ಎಣಿಕೆ 0ಯಿಂದ, ಪಾರ್ಟಿಷನ್ನಿನದು 1ರಿಂದ. ಒಂದೊಂದಾಗಿ "ಎಲ್‌ಎಸ್ (ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್" ಎಂದು ಕೇಳುತ್ತಾ ಹೋಗಿ. /ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ ಬರೀ "/ಗ್ರಬ್". ಫೈಲುಗಳ ಪಟ್ಟಿ ಬಂದದ್ದೇ ನಿಮ್ಮ ಪಾರ್ಟಿಷನ್. ಆಮೇಲೆ ನಾಲ್ಕು ಸಾಲು:

ಸೆಟ್ ರೂಟ್=(ಎಚ್‌ಡಿ0,ಜಿಪಿಟಿ2)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಮೆನು ಬರುತ್ತದೆ. ಒಳಗೆ ಹೋದ ಕೂಡಲೇ ಗ್ರಬ್-ಇನ್‌ಸ್ಟಾಲ್ ಮಾಡಿ, ಇಲ್ಲದಿದ್ದರೆ ಮುಂದಿನ ಬಾರಿ ಮತ್ತೆ ಇದೇ ಪರದೆ. ಹಳೆಯ ಬಯಾಸ್ ಯಂತ್ರದಲ್ಲಿ ಪೂರ್ತಿ ಡಿಸ್ಕಿನ ಹೆಸರು ಕೊಡಬೇಕು, ಪಾರ್ಟಿಷನ್ನಿನ ಸಂಖ್ಯೆ ಸೇರಿಸಬಾರದು.

"ಸಿಂಬಲ್ ನಾಟ್ ಫೌಂಡ್" ಎಂಬ ಮಾತು ಬಂದಿದ್ದರೆ ಅದರ ಕಾರಣ ಬೇರೆ. ಡಿಸ್ಕಿನ ತಲೆಯಲ್ಲಿ ಕೂತ ಗ್ರಬ್ ಹಳೆಯದು, /ಬೂಟ್‌ನಲ್ಲಿರುವ ಅದರ ಭಾಗಗಳು ಹೊಸವು, ಒಂದಕ್ಕೊಂದು ಕೂಡುತ್ತಿಲ್ಲ. ಮೇಲಿನ ನಾಲ್ಕು ಸಾಲು ಇಲ್ಲಿ ಕೆಲಸ ಮಾಡದು, ಪೆನ್‌ಡ್ರೈವ್ ಬೇಕೇ ಬೇಕು. 2020ರ ಜುಲೈಯಲ್ಲಿ ಗ್ರಬ್‌ನ ಭದ್ರತಾ ಅಪ್‌ಡೇಟ್ ಬಂದಾಗ ಬಹಳ ಜನರಿಗೆ ಹೀಗಾಯಿತು. ಡೆಬಿಯನ್, ಉಬುಂಟುಗಳಲ್ಲಿ ಗ್ರಬ್ ಯಾವ ಡಿಸ್ಕಿಗೆ ಬರೆಯಬೇಕೆಂದು ನೆನಪಿಟ್ಟುಕೊಂಡಿರುತ್ತದೆ. ನೀವು ಆ ಡಿಸ್ಕ್ ಬದಲಿಸಿದ್ದರೆ ಅಥವಾ ಬಯಾಸ್ ಬೇರೆ ಡಿಸ್ಕಿನಿಂದ ಏಳುತ್ತಿದ್ದರೆ ಅಪ್‌ಡೇಟ್ ತಪ್ಪು ಜಾಗಕ್ಕೆ ಹೋಗುತ್ತದೆ. ಸರಿಮಾಡಿದ ಮೇಲೆ "ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ" ಕೊಟ್ಟು ಡಿಸ್ಕ್ ಯಾವುದೆಂದು ಅದಕ್ಕೆ ಮತ್ತೆ ಹೇಳಿಕೊಡಿ.

ಪೆನ್‌ಡ್ರೈವಿನಿಂದ ಗ್ರಬ್ ಸರಿಮಾಡುವುದು ಹೇಗೆ?

ಮೊದಲು ಪೆನ್‌ಡ್ರೈವ್ ಯಾವ ಬಗೆಯಲ್ಲಿ ಎದ್ದಿದೆ ನೋಡಿ. /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಹಳೆಯ ಬಯಾಸ್ ಬಗೆ. ನಿಮ್ಮ ಲಿನಕ್ಸ್ ಯಾವ ಬಗೆಯದೋ ಪೆನ್‌ಡ್ರೈವೂ ಅದೇ ಬಗೆಯಲ್ಲಿ ಏಳಬೇಕು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುವುದು ಇದಕ್ಕೇ. ನಿಮ್ಮ ಲಿನಕ್ಸ್ ಯುಇಎಫ್‌ಐ ಬಗೆಯದಾದರೆ "ಯುಇಎಫ್‌ಐ" ಎಂದು ಬರೆದಿರುವುದನ್ನು ಆರಿಸಿ, ಹಳೆಯ ಬಯಾಸ್ ಬಗೆಯದಾದರೆ ಇನ್ನೊಂದನ್ನು.

ರೂಟ್ ಪಾರ್ಟಿಷನ್ನನ್ನು /ಎಂಎನ್‌ಟಿಗೆ ಮೌಂಟ್ ಮಾಡಿ. /ಬೂಟ್ ಬೇರೆ ಇದ್ದರೆ ಅದನ್ನು ಅದರ ಜಾಗಕ್ಕೆ, ಇಎಫ್‌ಐ ಪಾರ್ಟಿಷನ್ನನ್ನು ಅದರ ಜಾಗಕ್ಕೆ. ನಂತರ /ಡೆವ್, /ಪ್ರಾಕ್, /ಸಿಸ್, /ರನ್ ನಾಲ್ಕನ್ನೂ "ಮೌಂಟ್ --ಆರ್‌ಬೈಂಡ್" ಮೂಲಕ ಒಳಗೆ ಸೇರಿಸಿ. ಬರೀ "ಬೈಂಡ್" ಕೊಟ್ಟರೆ ಯುಇಎಫ್‌ಐಯ ನೆನಪಿನ ಭಾಗ ಒಳಗೆ ಬರುವುದಿಲ್ಲ, ಗ್ರಬ್ ತನ್ನ ಹೆಸರನ್ನು ಬೂಟ್ ಮೆನುವಿಗೆ ಸೇರಿಸಲಾಗದೆ ದೂರು ಹೇಳುತ್ತದೆ. "ಸಿಎಚ್‌ರೂಟ್ /ಎಂಎನ್‌ಟಿ" ಎಂದರೆ ನಿಮ್ಮ ಲಿನಕ್ಸ್ ಒಳಗೆ ಕಾಲಿಟ್ಟ ಹಾಗೆ. ಅಲ್ಲಿ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್. ಇದು ಡೆಬಿಯನ್, ಉಬುಂಟು, ಮಿಂಟ್‌ಗಳ ಕ್ರಮ. ಫೆಡೋರಾದಲ್ಲಿ ಆಜ್ಞೆಗಳೂ ಬೇರೆ, ಯುಇಎಫ್‌ಐ ಕ್ರಮವೂ ಬೇರೆ.

ಇನಿಟ್‌ರಾಮ್‌ಎಫ್‌ಎಸ್ ಪರದೆಗೆ ಬಂದು "ಯುಯುಐಡಿ ಡಸ್ ನಾಟ್ ಎಕ್ಸಿಸ್ಟ್" ಎನ್ನುತ್ತಿದೆ.

ಅಲ್ಲೇ "ಬಿಎಲ್‌ಕೆಐಡಿ" ಕೊಡಿ. ಅದು ಹೇಳುತ್ತಿರುವ ಯುಯುಐಡಿ ಪಟ್ಟಿಯಲ್ಲಿ ಇದೆಯೇ ನೋಡಿ. ಪಟ್ಟಿಯಲ್ಲಿ ಇದ್ದರೆ ಡಿಸ್ಕ್ ತಡವಾಗಿ ಎದ್ದಿದೆ ಎಂದರ್ಥ. "ಎಕ್ಸಿಟ್" ಎಂದರೆ ಎಷ್ಟೋ ಸಲ ಮುಂದೆ ಹೋಗುತ್ತದೆ. ಯುಎಸ್‌ಬಿ ಡಿಸ್ಕಿನಲ್ಲಿ ರೂಟ್ ಇಟ್ಟವರಿಗೆ ಇದು ಹೆಚ್ಚು. ಗ್ರಬ್‌ನ ಕರ್ನಲ್ ಸಾಲಿಗೆ "ರೂಟ್‌ಡಿಲೇ=60" ಸೇರಿಸಿದರೆ ಅರವತ್ತು ಸೆಕೆಂಡಿನವರೆಗೂ ಕಾಯುತ್ತದೆ. ಡಿಸ್ಕ್ ಇದೆ ಆದರೆ ಯುಯುಐಡಿ ಬೇರೆ ಎಂದಾದರೆ ಯಾರೋ ಮತ್ತೆ ಫಾರ್ಮ್ಯಾಟ್ ಮಾಡಿ ಫೈಲುಗಳನ್ನು ನಕಲಿಸಿದ್ದಾರೆ ಅಥವಾ ಯುಯುಐಡಿ ಬದಲಿಸಿದ್ದಾರೆ. ಸಿಎಚ್‌ರೂಟ್ ಮೂಲಕ ಒಳಹೋಗಿ ಎಫ್‌ಎಸ್‌ಟ್ಯಾಬ್ ತಿದ್ದಿ, ಅಪ್‌ಡೇಟ್-ಗ್ರಬ್ ಮಾಡಿ. ಡಿಸ್ಕ್ ಪಟ್ಟಿಯಲ್ಲೇ ಇಲ್ಲದಿದ್ದರೆ ಎಎಚ್‌ಸಿಐ ಸೆಟ್ಟಿಂಗ್ ಬದಲಾಗಿರಬಹುದು, ಕೇಬಲ್ ಸಡಿಲ ಇರಬಹುದು, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಆ ಡಿಸ್ಕಿನ ಡ್ರೈವರ್ ಇಲ್ಲ. ಕೊನೆಯದಕ್ಕೆ ಸಿಎಚ್‌ರೂಟ್ ಒಳಗೆ "ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್".

/ಬೂಟ್ ಸಣ್ಣದಿದ್ದು ಹಳೆಯ ಕರ್ನಲ್‌ಗಳಿಂದ ತುಂಬಿದಾಗಲೂ ಇನಿಟ್‌ರಾಮ್‌ಎಫ್‌ಎಸ್ ಅರ್ಧಂಬರ್ಧ ಬರೆದು ನಿಲ್ಲುತ್ತದೆ. ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ, "ಆಪ್ಟ್ ಆಟೋರಿಮೂವ್" ಕೊಟ್ಟು ಜಾಗ ಮಾಡಿ.

ಒಂದೂವರೆ ನಿಮಿಷ ಸುಮ್ಮನೆ ಕಾದು, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ.

ಸದಾ ಚುಚ್ಚಿರುತ್ತಿದ್ದ ಬ್ಯಾಕಪ್ ಡಿಸ್ಕನ್ನು ಬಿಚ್ಚಿ ಮನೆಗೆ ಒಯ್ದಾಗ ಹೀಗಾಗುವುದೇ ಹೆಚ್ಚು. ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದ ಪ್ರತಿ ಡಿಸ್ಕಿಗೂ ಸಿಸ್ಟಮ್‌ಡಿ 90 ಸೆಕೆಂಡು ಕಾಯುತ್ತದೆ, ಬರದಿದ್ದರೆ ಬೂಟ್ ನಿಲ್ಲಿಸುತ್ತದೆ. "ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /" ಕೊಟ್ಟು, ಎಫ್‌ಎಸ್‌ಟ್ಯಾಬ್ ತೆರೆದು, ಆ ಡಿಸ್ಕಿನ ಸಾಲಿನಲ್ಲಿ "ಡಿಫಾಲ್ಟ್ಸ್" ಮುಂದೆ ಕಾಮಾ ಹಾಕಿ "ನೋಫೇಲ್" ಸೇರಿಸಿ. ರೂಟ್ ಮತ್ತು /ಬೂಟ್ ಬಿಟ್ಟು ಉಳಿದ ಎಲ್ಲ ಡಿಸ್ಕುಗಳಿಗೂ ಇದು ಇರಲಿ.

ಸುಮಾರು 30 ಸೆಕೆಂಡು ಮಾತ್ರ ತಡವಾಗಿ ಆಮೇಲೆ ಸರಿಯಾಗಿ ಬೂಟ್ ಆಗುತ್ತಿದ್ದರೆ ತೆಗೆದ ಡಿಸ್ಕಿನಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಭಾಗ) ಇತ್ತೇ ನೆನಪಿಸಿಕೊಳ್ಳಿ. ಇನಿಟ್‌ರಾಮ್‌ಎಫ್‌ಎಸ್‌ನ "ರೆಸ್ಯೂಮ್" ಸೆಟ್ಟಿಂಗ್ ಇನ್ನೂ ಅದನ್ನೇ ಹುಡುಕುತ್ತಿರುತ್ತದೆ.

ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆ. ಬೂಟ್ ಆಗುತ್ತದೆ, ಆದರೆ ವೇಗ ಮೊದಲಿನಷ್ಟೇ.

ಹಳೆಯ ಹಾರ್ಡ್ ಡಿಸ್ಕಿನಿಂದಲೇ ಬೂಟ್ ಆಗುತ್ತಿದೆ. ಕ್ಲೋನ್ ಎಂದರೆ ಯುಯುಐಡಿ ಸಮೇತ ನಕಲು. ಒಂದೇ ಬೋರ್ಡ್ ಹಾಕಿಕೊಂಡ ಎರಡು ಬಸ್ ನಿಂತಿವೆ, ಕರ್ನಲ್ ಮೊದಲು ಕಂಡದ್ದನ್ನು ಹತ್ತುತ್ತದೆ. ಬೇಸರದ ಸಂಗತಿ ಎಂದರೆ ಇವತ್ತು ಒಂದರಲ್ಲಿ ಬರೆದ ಲೆಕ್ಕ ನಾಳೆ ಇನ್ನೊಂದರಲ್ಲಿ ಕಾಣುವುದಿಲ್ಲ. ಕ್ಲೋನ್ ಆದ ಕೂಡಲೇ, ಮೊದಲ ಬೂಟಿಗಿಂತ ಮುಂಚೆ, ಹಾರ್ಡ್ ಡಿಸ್ಕ್ ಕೇಬಲ್ ಬಿಚ್ಚಿ. ಎಸ್‌ಎಸ್‌ಡಿ ಒಂದರಿಂದಲೇ ಏಳುತ್ತದೆ ಎಂದು ಖಾತ್ರಿಯಾದ ಮೇಲೆ ಕೆಲವು ದಿನ ಬಿಟ್ಟು, ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸಿ, ಅದರ ಇಎಕ್ಸ್‌ಟಿ4ಕ್ಕೆ "ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್" ಕೊಟ್ಟು ಹೊಸ ಗುರುತು ಹಾಕಿ. ಇಲ್ಲಿ "ಯು" ದೊಡ್ಡಕ್ಷರ.

ಡಿಸ್ಕ್ ನಿಜವಾಗಿ ಸಾಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

"ಸೂಡೊ ಸ್ಮಾರ್ಟ್‌ಸಿಟಿಎಲ್ -ಎ" ಮುಂದೆ ಡಿಸ್ಕಿನ ಹೆಸರು ಕೊಡಿ. ಹಾರ್ಡ್ ಡಿಸ್ಕ್ ಆದರೆ 5, 197, 198ನೇ ಸಾಲುಗಳ ಕೊನೆಯ ಅಂಕಿ ನೋಡಿ. ಸೊನ್ನೆ ಇದ್ದರೆ ಒಳ್ಳೆಯದು. 197 ಏರುತ್ತಾ ಹೋಗುತ್ತಿದ್ದರೆ ಓದಲಾಗದ ಸೆಕ್ಟರುಗಳು ಹೆಚ್ಚುತ್ತಿವೆ, ಇವತ್ತೇ ಡೇಟಾ ತೆಗೆಯಿರಿ. 199 ಏರಿದ್ದರೆ ದೋಷ ಹೆಚ್ಚಾಗಿ ಕೇಬಲಿನದು. ಡಿಸ್ಕ್ ಸತ್ತಿದೆ ಎಂದು ತಂದುಕೊಟ್ಟ ಎಷ್ಟೋ ಡಿಸ್ಕುಗಳನ್ನು ಬರೀ ಕೇಬಲ್ ಬದಲಿಸಿ ವಾಪಸ್ ಕೊಟ್ಟಿದ್ದೇನೆ. ಎನ್‌ವಿಎಂಇಯಲ್ಲಿ ಈ ಸಂಖ್ಯೆಗಳಿಲ್ಲ. "ಕ್ರಿಟಿಕಲ್ ವಾರ್ನಿಂಗ್", "ಪರ್ಸೆಂಟೇಜ್ ಯೂಸ್ಡ್", "ಮೀಡಿಯಾ ಎರರ್ಸ್" ನೋಡಿ.

ಹಾರ್ಡ್ ಡಿಸ್ಕಿನಿಂದ ಟಕ್, ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಪದೇ ಪದೇ ಚಾಲೂ ಮಾಡಿ ನೋಡಬೇಡಿ. ಓದಲು ಆಗುತ್ತಿದ್ದರೆ "ಡಿಡಿರೆಸ್ಕ್ಯೂ"ನಿಂದ ಪೂರ್ತಿ ನಕಲು ತೆಗೆದು, ರಿಪೇರಿ ಏನಿದ್ದರೂ ನಕಲಿನ ಮೇಲೆ ಮಾಡಿ. ಕೆಡುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ (ಪಾರ್ಟಿಷನ್ನಿನ ತಪ್ಪು ಹುಡುಕಿ ತಿದ್ದುವ ಆಜ್ಞೆ) ಓಡಿಸಿದರೆ ಇದ್ದದ್ದೂ ಹೋಗಬಹುದು.

ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯ ಕಡೆ 40 ಡಿಗ್ರಿ ದಾಟುತ್ತದೆ, ತಗಡಿನ ಮೇಲ್ಛಾವಣಿಯ ಕೋಣೆಯಲ್ಲಿ ಇನ್ನೂ ಹೆಚ್ಚು. ಅದೇ ಆಜ್ಞೆ ಡಿಸ್ಕಿನ ಉಷ್ಣತೆಯನ್ನೂ ತೋರಿಸುತ್ತದೆ. ಅಡಾಪ್ಟರಿನಲ್ಲಿ ಕೂತ ಎನ್‌ವಿಎಂಇಗೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಹಾಕಿಸಿ. ಕೆಲವು ನೂರು ರೂಪಾಯಿಯ ಕೆಲಸ.

ಕರೆಂಟ್ ಹೋಗಿ ಬಂದ ಮೇಲೆ ಎಫ್‌ಎಸ್‌ಸಿಕೆ ಕೈಯಾರೆ ಓಡಿಸು ಎನ್ನುತ್ತಿದೆ.

ಮೊದಲು ಮೇಲೆ ಹೇಳಿದ ಸ್ಮಾರ್ಟ್‌ಸಿಟಿಎಲ್ ನೋಡಿ. ಡಿಸ್ಕ್ ಗಟ್ಟಿ ಇದ್ದರೆ ಅದು ಹೇಳಿದ ಪಾರ್ಟಿಷನ್ ಮೇಲೆ "ಎಫ್‌ಎಸ್‌ಸಿಕೆ -ವೈ" ಓಡಿಸಿ. ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಎಂದಿಗೂ ಬೇಡ. ಮತ್ತು ಒಂದು ಸಣ್ಣ ಯುಪಿಎಸ್ ತನ್ನಿ. ಶಿಸ್ತಾಗಿ ಶಟ್‌ಡೌನ್ ಮಾಡಲು ಐದು ನಿಮಿಷ ಸಿಕ್ಕರೆ ಸಾಕು.

ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣೆಯಾಗಿದೆ.

ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಕೆಲಸ ಪೂರ್ವನಿಯೋಜಿತವಾಗಿ ಬಂದ್ ಇದೆ. /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ "ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್" ಎಂದು ಸೇರಿಸಿ (ಸಮ ಚಿಹ್ನೆಯ ಹಿಂದಿನದೆಲ್ಲ ದೊಡ್ಡಕ್ಷರ), ಅಪ್‌ಡೇಟ್-ಗ್ರಬ್ ಕೊಡಿ.

ಹೊಸದಾಗಿ ಜೋಡಿಸುತ್ತಿದ್ದೇನೆ. ಮೂರು ಡಿಸ್ಕ್ ಇವೆ. ಹೇಗೆ ಹಂಚಲಿ?

ಬೂಟಿಗೆ ಬೇಕಾದದ್ದೆಲ್ಲ, ಅಂದರೆ ಇಎಫ್‌ಐ ಪಾರ್ಟಿಷನ್, /ಬೂಟ್, ರೂಟ್, ಒಂದೇ ಎಸ್‌ಎಸ್‌ಡಿ ಅಥವಾ ಎನ್‌ವಿಎಂಇಯಲ್ಲಿ ಇರಲಿ (ಬಯಾಸ್‌ಗೆ ಎನ್‌ವಿಎಂಇ ಕಾಣದ ಹಳೆಯ ಯಂತ್ರಕ್ಕೆ ಮಾತ್ರ ಮೇಲೆ ಹೇಳಿದ ಉಪಾಯ). ಹಾರ್ಡ್ ಡಿಸ್ಕ್ ಬರೀ ಡೇಟಾಕ್ಕೆ, ನೋಫೇಲ್ ಹಾಕಿ. 2 ಟಿಬಿಗಿಂತ ದೊಡ್ಡ ಡಿಸ್ಕಿಗೆ ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ ಸಾಲದು, ಜಿಪಿಟಿಯೇ ಬೇಕು. ಹಳೆಯ ಬಯಾಸ್‌ನಲ್ಲಿ ಜಿಪಿಟಿ ಡಿಸ್ಕಿನಿಂದ ಬೂಟ್ ಮಾಡುವುದಾದರೆ "ಬಯಾಸ್ ಬೂಟ್" ಎಂಬ 1 ಎಂಬಿಯ ಪಾರ್ಟಿಷನ್ ಮರೆಯಬೇಡಿ.

ಇನ್‌ಸ್ಟಾಲ್ ಮಾಡುವಾಗ ಬೂಟ್ ಡಿಸ್ಕ್ ಒಂದನ್ನು ಬಿಟ್ಟು ಉಳಿದ ಕೇಬಲ್ ಎಲ್ಲ ಬಿಚ್ಚಿಡಿ. ಎರಡು ನಿಮಿಷದ ಈ ಕೆಲಸ ಮಾಡಿದ್ದರೆ ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುತ್ತಲೇ ಇರಲಿಲ್ಲ. ಪ್ರತಿ ಡಿಸ್ಕಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ: ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ, ಒಳಗೆ ಏನಿದೆ, ಹಾಕಿದ ತಾರೀಖು. ನಾನು ಅದೇ ಮೂರು ಸಾಲನ್ನು ಡಬ್ಬಿಯ ಬಾಗಿಲಿನ ಒಳಮೈಗೂ ಮಾರ್ಕರಿನಿಂದ ಬರೆಯುತ್ತೇನೆ. "ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಸೀರಿಯಲ್" ಕೊಟ್ಟಾಗ ಪರದೆಯಲ್ಲಿ ಬರುವ ಸೀರಿಯಲ್ ಜೊತೆ ಚೀಟಿ ಹೊಂದಿಸಿ ನೋಡಬಹುದು.

ಎಲ್ಲ ಸರಿಯಾಯಿತು. ಆದರೆ ಬೂಟ್ ಮೆನುವಿನಲ್ಲಿ ತೆಗೆದ ಡಿಸ್ಕುಗಳ ಹೆಸರು ಇನ್ನೂ ಇವೆ.

ಅವು ಮದರ್‌ಬೋರ್ಡಿನ ನೆನಪಿನಲ್ಲಿ ಉಳಿದವು, ತೊಂದರೆ ಇಲ್ಲ. ತೆಗೆಯಬೇಕೆಂದರೆ "ಇಎಫ್‌ಐಬೂಟ್‌ಎಂಜಿಆರ್ -ವಿ" ಕೊಟ್ಟು ಯಾವ ಹೆಸರು ಯಾವ ಪಾರ್ಟಿಷನ್ನಿಗೆ ಹೋಗುತ್ತದೆ ಎಂದು ಓದಿ. ಬೇಡವಾದದ್ದರ ಸಂಖ್ಯೆ 0003 ಆಗಿದ್ದರೆ "ಇಎಫ್‌ಐಬೂಟ್‌ಎಂಜಿಆರ್ -ಬಿ 0003 -ಬಿ". ಮೊದಲ "ಬಿ" ಸಣ್ಣದು, ಎರಡನೆಯದು ದೊಡ್ಡದು. ಸಂಖ್ಯೆಯನ್ನು ಎರಡು ಸಲ ನೋಡಿ ಎಂಟರ್ ಒತ್ತಿ.